ದನದ ಮಾಂಸ ಮತ್ತು ಕೋಳಿಯ ಮಾಂಸ: ಅವುಗಳ ಪುಷ್ಟಿಗುಣದ ವಿಚಾರ

ಮಾಂಸಾಹಾರದ ಪದ್ಧತಿಯುಳ್ಳ ಮನೆಗಳಲ್ಲಿ ದನದ ಮಾಂಸವು ಹೆಚ್ಚು ಬಲಕರವೋ ಕೋಳಿಯ ಮಾಂಸವು ಹೆಚ್ಚು ಬಲಕರವೋ ಎಂಬ ಚರ್ಚೆಯು ಬಹುಕಾಲದಿಂದ ನಡೆದುಬಂದಿರುವುದು. ದನದ ಮಾಂಸವು ರಟ್ಟೆಗೆ ಶಕ್ತಿಯನ್ನು ಕೊಡುವುದೆಂದೂ ಕೋಳಿಯು ಬಾಯಿರುಚಿಗೆ ಮಾತ್ರವೆಂದೂ ಕೆಲವರು ಹೇಳುವರು. ದನದ ಮಾಂಸವು ಜಡವಾದುದು, ಜಿಡ್ಡಿನಿಂದ ಕೂಡಿದುದು, ಕೋಳಿಯು ಬೇಗನೆ ಅರಗುವುದರಿಂದ ರೋಗದಿಂದ ಎದ್ದವರಿಗೂ ಬಾಣಂತಿಯರಿಗೂ ಅದೇ ಹಿತವೆಂದು ಮತ್ತೆ ಕೆಲವರು ವಾದಿಸುವರು. ಎರಡು ಮಾತುಗಳಲ್ಲಿಯೂ ಸ್ವಲ್ಪ ಸತ್ಯವೂ ಸ್ವಲ್ಪ ತಪ್ಪು ತಿಳಿವಳಿಕೆಯೂ ಬೆರೆತಿವೆ. ಯಾವ ಮಾಂಸವನ್ನು ತಿನ್ನತಕ್ಕದ್ದು, ಯಾವುದನ್ನು ಬಿಡತಕ್ಕದ್ದು ಎಂಬುದು ಆಯಾ ಕುಟುಂಬದ ಆಚಾರಕ್ಕೂ ನಂಬಿಕೆಗೂ ಸೇರಿದ ವಿಷಯ. ಅದನ್ನು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಈ ಎರಡರಲ್ಲಿ ಯಾವ ಯಾವ ಸತ್ವಗಳು ಎಷ್ಟೆಷ್ಟು ಇರುವುವು, ಅವು ಶರೀರಕ್ಕೆ ಹೇಗೆ ಒದಗುವುವು ಎಂಬುದನ್ನು ಗ್ರಾಮದ ಪ್ರಮುಖರೂ ಜಮೀನುದಾರರೂ ಅರಿತಿರುವುದು ಮಾತ್ರ ಅವಶ್ಯಕವಾಗಿದೆ.

ಅವಶ್ಯಕವೆನ್ನಲು ಕಾರಣವಿದೆ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದೊಳಗಿನ ಹೆಂಗಸರ ಪೈಕಿ 100ಕ್ಕೆ ಸುಮಾರು 48 ಮಂದಿಗೂ, ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳ ಪೈಕಿ 100ಕ್ಕೆ ಸುಮಾರು 65 ಮಂದಿಗೂ ರಕ್ತಹೀನತೆ ಇರುವುದು ಕಂಡುಬಂದಿತು. ರಕ್ತಹೀನತೆಯು ಹಾಸಿಗೆ ಹಿಡಿಸುವ ಜ್ವರದಂತೆ ಎದ್ದು ಕಾಣುವ ರೋಗವಲ್ಲ. ನಾಲ್ಕು ಸಾಲು ಕಳೆ ಕಿತ್ತೊಡನೆ ಏದುಸಿರು ಬಿಡುವುದು, ಕಣ್ಣಿನ ರೆಪ್ಪೆಯ ಒಳಭಾಗವು ಬಿಳುಪೇರುವುದು, ಮಗುವು ಪಾಠದಲ್ಲಿ ಹಿಂದೆ ಬೀಳುವುದು, ಹೆರಿಗೆಯ ಕಾಲದಲ್ಲಿ ಸ್ವಲ್ಪ ರಕ್ತ ಹೋದರೂ ತಾಯಿಯ ಜೀವಕ್ಕೆ ಅಪಾಯವೊದಗುವುದು, ಇವು ಅದರ ಕುರುಹುಗಳು. ನಾಟಿ, ಕಳೆ, ಕೊಯ್ಲು ಮೊದಲಾದ ಕೆಲಸಗಳಲ್ಲಿ ಬಹುಪಾಲು ಹೆಂಗಸರ ಕೈಯಿಂದಲೇ ಆಗತಕ್ಕವಾದುದರಿಂದ ಈ ದೌರ್ಬಲ್ಯವು ಬೇಸಾಯದ ಲೆಕ್ಕಕ್ಕೂ ಸೇರತಕ್ಕದ್ದೇ ಆಗಿದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದದ್ದು ಆಹಾರದಲ್ಲಿ ಶರೀರವು ಹೀರಿಕೊಳ್ಳಬಲ್ಲ ಕಬ್ಬಿಣದ ಕೊರತೆ. ಮಾಂಸಗಳ ಹೋಲಿಕೆಯು ಮುಖ್ಯವಾಗುವುದು ಇಲ್ಲಿಯೇ.

ಆಹಾರ ಪದಾರ್ಥಗಳ ಸತ್ವವನ್ನು ಪೃಥಕ್ಕರಿಸಿ ಅಳೆಯುವ ಕೆಲಸವು ದಕ್ಷಿಣ ದೇಶದಲ್ಲಿಯೇ ಬಹು ಹಿಂದೆ ಆರಂಭವಾಯಿತು. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ಮೆಕ್ಯಾರಿಸನ್ ಎಂಬ ವೈದ್ಯರು ಒಂದು ಸಣ್ಣ ಕೊಠಡಿಯಲ್ಲಿ ತೊಡಗಿದ ಸಂಶೋಧನೆಯು ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಗಿ, ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಪ್ರಸಿದ್ಧವಾಗಿರುವುದು. ಹಿಂದೂದೇಶದ ಆಹಾರಗಳ ಸತ್ವದ ಪಟ್ಟಿಯನ್ನು ಐಕ್ರಾಯ್ಡ್ ಎಂಬವರು ಕೂನೂರಿನಿಂದ 1937ರಲ್ಲಿ ಹೊರಡಿಸಿದರು. ಹೊಸದಾಗಿ ಅಳೆದ ಪಟ್ಟಿಯು 2017ರಲ್ಲಿ ಹೈದರಾಬಾದಿನಿಂದ ಹೊರಟಿತು. ಕೆಳಗೆ ಮಾಂಸಗಳಿಗೆ ಕೊಟ್ಟಿರುವ ಅಂಕಿಗಳು ಅಮೆರಿಕಾ ದೇಶದ ವ್ಯವಸಾಯ ಇಲಾಖೆಯ ಪಟ್ಟಿಯಿಂದ ತೆಗೆದವು. ಪ್ರಾಣಿಯ ತಳಿ, ವಯಸ್ಸು, ಮೇವು ಇವುಗಳಿಗನುಸಾರವಾಗಿ ಅಂಕಿಗಳು ಸ್ವಲ್ಪ ಹೆಚ್ಚುಕಡಮೆಯಾಗುವುವೆಂಬುದನ್ನು ನೆನಪಿನಲ್ಲಿಡತಕ್ಕದ್ದು. ಬೆಂದ ಮಾಂಸ 100 ಗ್ರಾಂ, ಅಂದರೆ ಹಳೆಯ ಲೆಕ್ಕದಲ್ಲಿ ಸುಮಾರು ಎಂಟೂವರೆ ತೊಲ, ಎಂದು ಎಣಿಸಿದೆ.

ದನದ ಕೊಚ್ಚಿದ ಮಾಂಸ (ಸಾಧಾರಣ ಜಿಡ್ಡುಳ್ಳದ್ದು): ಸಸಾರಜನಕ 26 ಗ್ರಾಂ, ಜಿಡ್ಡು 15 ಗ್ರಾಂ, ಕಬ್ಬಿಣ 2.6 ಮಿಲಿಗ್ರಾಂ, ಶಾಖ 250 ಕ್ಯಾಲೊರಿ.
ಎಮ್ಮೆ ಕೋಣಗಳ ಮಾಂಸ: ಸಸಾರಜನಕ 27 ಗ್ರಾಂ, ಜಿಡ್ಡು 2 ಗ್ರಾಂಗಿಂತ ಕಡಮೆ, ಕಬ್ಬಿಣ 2.1 ಮಿಲಿಗ್ರಾಂ, ಶಾಖ 131 ಕ್ಯಾಲೊರಿ.
ಕೋಳಿಯ ಎದೆಯ ಮಾಂಸ (ಚರ್ಮವಿಲ್ಲದ್ದು): ಸಸಾರಜನಕ 31 ಗ್ರಾಂ, ಜಿಡ್ಡು 3.6 ಗ್ರಾಂ, ಕಬ್ಬಿಣ 1 ಮಿಲಿಗ್ರಾಂ, ಶಾಖ 165 ಕ್ಯಾಲೊರಿ.
ಕೋಳಿಯ ತೊಡೆಯ ಮಾಂಸ (ಚರ್ಮವಿಲ್ಲದ್ದು): ಸಸಾರಜನಕ 26 ಗ್ರಾಂ, ಜಿಡ್ಡು 11 ಗ್ರಾಂ, ಕಬ್ಬಿಣ 1.3 ಮಿಲಿಗ್ರಾಂ, ಶಾಖ 209 ಕ್ಯಾಲೊರಿ.

ಮೊದಲು ಸಸಾರಜನಕವನ್ನು ನೋಡಬಹುದು. ಮಾಂಸಖಂಡಗಳನ್ನು ಕಟ್ಟುವುದಕ್ಕೂ ಸವೆದುದನ್ನು ತುಂಬುವುದಕ್ಕೂ ಬೇಕಾದ ಸತ್ವವಿದು. ಇದರಲ್ಲಿ ದನಕ್ಕೂ ಕೋಳಿಗೂ ಹೇಳಿಕೊಳ್ಳತಕ್ಕ ವ್ಯತ್ಯಾಸವಿಲ್ಲ. ಇದ್ದರೆ ಕೋಳಿಯ ಎದೆಯ ಭಾಗವೇ ಒಂದು ಕೈ ಮೇಲು. ಗುಣದಲ್ಲಿಯೂ ಎರಡೂ ಉತ್ತಮ ದರ್ಜೆಯವು. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಸಸಾರಜನಕ ಸಾಕೆಂದು 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಗೊತ್ತುಮಾಡಿತು. ಹೀಗಿರಲು, ರಟ್ಟೆಯ ಬಲವು ದನದ ಮಾಂಸದಿಂದಲೇ ಬರುವುದೆಂಬ ಮಾತಿಗೆ ಸಸಾರಜನಕದ ಲೆಕ್ಕದಲ್ಲಿ ಆಧಾರವಿಲ್ಲವೆಂದು ತಿಳಿಯತಕ್ಕದ್ದು.

ಜಿಡ್ಡಿನ ವಿಷಯದಲ್ಲಿ ಜನರ ಎಣಿಕೆಯು ಇನ್ನೂ ಹೆಚ್ಚಾಗಿ ತಪ್ಪಿದೆ. ದನದ ಮಾಂಸವೆಂದರೆ ಕೊಬ್ಬು, ಕೋಳಿಯೆಂದರೆ ತೆಳುವು ಎಂಬ ಅಭಿಪ್ರಾಯವು ಪಶ್ಚಿಮ ದೇಶಗಳ ಪುಸ್ತಕಗಳಿಂದ ಬಂದುದು. ಅಲ್ಲಿ ಮಾಂಸಕ್ಕಾಗಿಯೇ ಸಾಕುವ ದನಗಳಿಗೆ ಕೊನೆಯ ತಿಂಗಳುಗಳಲ್ಲಿ ಮುಸುಕಿನ ಜೋಳ ಮೊದಲಾದ ಕಾಳುಗಳನ್ನು ಹೊಟ್ಟೆ ತುಂಬ ಕೊಟ್ಟು ಕೊಬ್ಬಿಸುವರು. ಹುಲ್ಲು, ಸಿಪ್ಪೆಗಳನ್ನು ತಿಂದು, ಹಾಲು ಕೊಟ್ಟು ಇಲ್ಲವೆ ಗಾಡಿ ಎಳೆದು ವಯಸ್ಸಾದ ಎಮ್ಮೆ ಕೋಣಗಳ ಮಾಂಸವು ಅಂಥದಲ್ಲ. ಮೇಲಿನ ಪಟ್ಟಿಯಲ್ಲಿ ಅದರ ಜಿಡ್ಡು ಕೋಳಿಯ ತೊಡೆಯದರ ಐದನೆಯ ಒಂದು ಭಾಗಕ್ಕೂ ಕಡಮೆಯಾಗಿರುವುದನ್ನು ಗಮನಿಸಬಹುದು. ಅದು ಗಡುಸಾಗಿರುವುದು, ಬೇಯಲು ಹೆಚ್ಚು ಹೊತ್ತು ಹಿಡಿಯುವುದು. ಜಡವೆಂಬ ಹೆಸರು ಬಂದುದು ಬಹುಶಃ ಈ ಗಡುಸುತನದಿಂದಲೇ ಹೊರತು ಕೊಬ್ಬಿನಿಂದಲ್ಲ. ಕೋಳಿಯಲ್ಲಿ ಜಿಡ್ಡಿನ ಬಹುಭಾಗವು ಚರ್ಮದಲ್ಲಿಯೂ ಚರ್ಮದ ಕೆಳಗೂ ಸೇರಿರುವುದು. ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ತೂಗುವ ಫಾರಂ ಕೋಳಿಗಿಂತ ಹಿತ್ತಲಲ್ಲಿ ಕೆರೆದು ತಿಂದು ಬೆಳೆದ ನಾಟಿ ಕೋಳಿಯಲ್ಲಿ ಜಿಡ್ಡು ಕಡಮೆ. ಬೊಜ್ಜು, ಹೃದ್ರೋಗಗಳ ಭಯವುಳ್ಳವರು ಚರ್ಮವನ್ನು ಸುಲಿದು ಬೇಯಿಸಿದರೆ ಸಾಕು. ಇನ್ನು ಬಾಣಂತಿಯರಿಗೆ ಕೋಳಿ ಹಿತವೆಂಬ ಮಾತು ಬಹುಮಟ್ಟಿಗೆ ಸರಿ. ಅದರ ಎಳೆಗಳು ಮೃದು, ಅಗಿಯುವುದಕ್ಕೂ ಅರಗುವುದಕ್ಕೂ ಸುಲಭ.

ಈ ಪ್ರಸಂಗದಲ್ಲಿ ಕಾನೂನಿನ ಸಂಗತಿಯನ್ನೂ ಹೇಳಬೇಕಾಗಿದೆ. ಜಾನುವಾರುಗಳ ವಧೆಯನ್ನು ಪ್ರತಿಬಂಧಿಸುವ 2020ರ ಅಧಿನಿಯಮವು 2021ರಲ್ಲಿ ಈ ರಾಜ್ಯದಲ್ಲಿ ಜಾರಿಗೆ ಬಂದಿತು. ಅದರಂತೆ ಹಸು, ಕರು, ಹೋರಿ, ಎತ್ತುಗಳನ್ನೂ 13 ವರ್ಷದೊಳಗಿನ ಎಮ್ಮೆ ಕೋಣಗಳನ್ನೂ ವಧಿಸಕೂಡದು. 13 ವರ್ಷ ಮೀರಿದ ಎಮ್ಮೆ ಕೋಣಗಳಿಗೂ ಅಧಿಕಾರಿಗಳ ಪ್ರಮಾಣಪತ್ರವು ಬೇಕು. ಆದಕಾರಣ ಇಲ್ಲಿ ಹೋಲಿಸಲು ಪ್ರಯೋಜನವುಳ್ಳವು ಎಮ್ಮೆಯ ಮಾಂಸ ಮತ್ತು ಕೋಳಿ ಎಂದೇ ತಿಳಿದು ಮುಂದುವರಿಯಬಹುದು.

ಈಗ ಮುಖ್ಯ ವಿಷಯಕ್ಕೆ ಬರಬಹುದು. ಕಬ್ಬಿಣ, ಸತುವು, ಬಿ12 ಎಂಬ ಜೀವಸತ್ವ, ಈ ಮೂರರಲ್ಲಿ ದನದ ಮಾಂಸವು ಕೋಳಿಯನ್ನು ಮೀರಿಸುವುದು. ಕಬ್ಬಿಣದಲ್ಲಿ ಅದು ಕೋಳಿಯ ಎದೆಯ ಎರಡರಷ್ಟಕ್ಕೂ ಹೆಚ್ಚು. ಸತುವು ದನದ ಕೊಚ್ಚಿದ ಮಾಂಸದಲ್ಲಿ 6 ಮಿಲಿಗ್ರಾಂ ಮೇಲೆ ಇದ್ದರೆ ಕೋಳಿಯ ಎದೆಯಲ್ಲಿ 1 ಮಿಲಿಗ್ರಾಂ ಮಾತ್ರ. ಗಾಯ ಮಾಯುವುದಕ್ಕೂ ಮಕ್ಕಳ ಬೆಳವಣಿಗೆಗೂ ಇದು ಬೇಕು. ಬಿ12 ಜೀವಸತ್ವವು ಸಸ್ಯಗಳಲ್ಲಿ ದೊರೆಯುವುದಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲುಗಳಿಂದಲೇ ಬರಬೇಕು. 100 ಗ್ರಾಂ ದನದ ಮಾಂಸದಲ್ಲಿ ಒಂದು ದಿನಕ್ಕೆ ಬೇಕಾಗುವಷ್ಟು ಬಿ12 ಇರುವುದು; ಕೋಳಿಯ ಎದೆಯಲ್ಲಿ ಅದರ ಏಳೆಂಟನೆಯ ಒಂದು ಭಾಗವಷ್ಟೆ. ದನದ ಮಾಂಸವು ಕೆಂಪಗಿರುವುದಕ್ಕೂ ಕೋಳಿಯ ಎದೆಯು ಬೆಳ್ಳಗಿರುವುದಕ್ಕೂ ಕಾರಣವೇ ಇದರೊಡನೆ ಕೂಡಿಕೊಂಡಿದೆ. ಆಮ್ಲಜನಕವನ್ನು ಹಿಡಿದಿಡುವ, ಕಬ್ಬಿಣದಿಂದ ಕೂಡಿದ ಕೆಂಪು ದ್ರವ್ಯವು ಸದಾ ದುಡಿಯುವ ಮಾಂಸಖಂಡದಲ್ಲಿ ಹೆಚ್ಚು, ಬಿಟ್ಟು ಬಿಟ್ಟು ಕೆಲಸ ಮಾಡುವ ಖಂಡದಲ್ಲಿ ಕಡಮೆ. ಕೋಳಿಯು ದಿನವೆಲ್ಲ ನಡೆಯುವುದು, ಹಾರುವುದು ಅಪರೂಪ; ಆದುದರಿಂದ ಅದರ ತೊಡೆಯು ಎದೆಗಿಂತ ಕೆಂಪು, ಕಬ್ಬಿಣವೂ ಎದೆಗಿಂತ ಹೆಚ್ಚು.

ಹಾಗಾದರೆ ಕೋಳಿಯನ್ನು ಮಾತ್ರ ತಿನ್ನುವ ಮನೆಗಳಿಗೆ ಗತಿಯಿಲ್ಲವೆ? ಇದೆ, ಅದು ಅದೇ ಕೋಳಿಯ ಒಡಲಿನಲ್ಲಿಯೇ ಇದೆ. ಕೋಳಿಯ ಯಕೃತ್ತು, ಅಂದರೆ ಪೇಟೆಯಲ್ಲಿ ಲಿವರ್ ಎಂದು ಕರೆಯುವ ಭಾಗ, 100 ಗ್ರಾಂ ಬೆಂದುದರಲ್ಲಿ 11 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣವಿರುವುದು. ಇದು ದನದ ಮಾಂಸದ ನಾಲ್ಕರಷ್ಟು. ಬಿ12 ಜೀವಸತ್ವವೂ ಎ ಜೀವಸತ್ವವೂ ಅದರಲ್ಲಿ ಸಮೃದ್ಧವಾಗಿವೆ. ಒಂದು ಕೋಳಿಯಲ್ಲಿ 35 ಗ್ರಾಂ ಯಕೃತ್ತು ದೊರೆತರೆ ಅದೊಂದರಲ್ಲಿಯೇ ಸುಮಾರು 3 ಮಿಲಿಗ್ರಾಂ ಕಬ್ಬಿಣ. ಅಷ್ಟನ್ನು ಎದೆಯ ಮಾಂಸದಿಂದ ಪಡೆಯಬೇಕಾದರೆ 300 ಗ್ರಾಂ ತಿನ್ನಬೇಕು. ರಕ್ತವೃದ್ಧಿಗೆ ಯಕೃತ್ತು ಉತ್ತಮವೆಂಬುದು ವೈದ್ಯಶಾಸ್ತ್ರದಲ್ಲಿ ದೊಡ್ಡ ಶೋಧವೇ ಆಗಿತ್ತು. ಅಮೆರಿಕಾದಲ್ಲಿ ವಿಪ್ಪಲ್ ಎಂಬವರು ರಕ್ತ ತೆಗೆದ ನಾಯಿಗಳಿಗೆ ಬೇರೆ ಬೇರೆ ಆಹಾರಗಳನ್ನು ಕೊಟ್ಟು ನೋಡಿ ಯಕೃತ್ತೇ ಮೇಲೆಂದು ಕಂಡರು. ಆಗ್ಗೆ ಮದ್ದಿಲ್ಲದ ಮಾರಕ ರೋಗವಾಗಿದ್ದ ಒಂದು ಬಗೆಯ ರಕ್ತಹೀನತೆಯು ಯಕೃತ್ತಿನ ಪಥ್ಯದಿಂದ ಗುಣವಾಗುವುದೆಂದು ಮೈನಾಟ್, ಮರ್ಫಿ ಎಂಬವರು 1926ರಲ್ಲಿ ತೋರಿಸಿದರು. ಮೂವರಿಗೂ 1934ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಆ ಗುಣಕ್ಕೆ ಕಾರಣವಾದ ದ್ರವ್ಯವನ್ನು 1948ರಲ್ಲಿ ಬೇರ್ಪಡಿಸಿ ನೋಡಲಾಗಿ ಅದೇ ಬಿ12 ಜೀವಸತ್ವವೆಂದು ಗೊತ್ತಾಯಿತು.

ಇಷ್ಟು ಬೆಲೆಯುಳ್ಳ ಭಾಗವು ಮನೆಯಲ್ಲಿ ಯಾರ ಎಲೆಗೆ ಬೀಳುವುದೆಂದು ವಿಚಾರಿಸಿದರೆ ಉತ್ತರವು ಸಂತೋಷಕರವಾಗಿಲ್ಲ. ಅದನ್ನು ಬೇರೆಯಾಗಿ ಹುರಿದು ಗಂಡಸರಿಗೆ ಮೊದಲು ಬಡಿಸುವುದು ಅನೇಕ ಕಡೆ ರೂಢಿಯಾಗಿರುವುದು. ಹೆಂಗಸರು ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಸಾರನ್ನು ಮುದ್ದೆಗೆ ಹಾಕಿಕೊಂಡು ತೃಪ್ತರಾಗುವರು. ಶರೀರದ ಅಗತ್ಯವಾದರೋ ಇದಕ್ಕೆ ವಿರುದ್ಧವಾಗಿದೆ. ಮೇಲೆ ಹೇಳಿದ 2020ರ ಗೊತ್ತುವಳಿಯಂತೆ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣವು ಸಾಕಾದರೆ, ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವ ಹೆಂಗಸಿಗೆ 29 ಮಿಲಿಗ್ರಾಂ ಬೇಕು. ಮೂಳೆಯ ಸಾರಿನಲ್ಲಿಯೇ ಸತ್ವವೆಲ್ಲ ಇಳಿದಿರುವುದೆಂಬ ಸಮಾಧಾನವೂ ನಿಲ್ಲತಕ್ಕದ್ದಲ್ಲ. ಸಾರಿಗೆ ರುಚಿಯೂ, ಕೆಲವು ಲವಣಗಳೂ, ನೀರಿನಲ್ಲಿ ಕರಗುವ ಜೀವಸತ್ವಗಳ ಒಂದು ಭಾಗವೂ ಇಳಿಯುವುವು, ಆದುದರಿಂದ ಅದನ್ನು ಚೆಲ್ಲಬಾರದು. ಸಸಾರಜನಕದ ಮತ್ತು ಕಬ್ಬಿಣದ ಬಹುಪಾಲು ತುಂಡುಗಳಲ್ಲಿಯೇ ಉಳಿಯುವುದು. ಎಮ್ಮೆಯ ಮಾಂಸವಾದರೂ ಕೋಳಿಯಾದರೂ, ತುಂಡು ಬೀಳದ ಎಲೆಗೆ ಎರಡರ ವ್ಯತ್ಯಾಸವೂ ಒಂದೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಯಕೃತ್ತಿನಲ್ಲಿ ಎ ಜೀವಸತ್ವವು ಅತಿಯಾಗಿರುವುದರಿಂದ ಗರ್ಭಿಣಿಯರು ಅದನ್ನು ತಿನ್ನದಿರುವುದು ಕ್ಷೇಮ. ಅದರ ಅತಿಸೇವನೆಯಿಂದ ಹೊಟ್ಟೆಯಲ್ಲಿರುವ ಶಿಶುವಿಗೆ ಕೆಡುಕಾಗಬಹುದು. ಗರ್ಭಿಣಿಯರಿಗೆ ಮಾಂಸದ ತುಂಡುಗಳೂ ಆರೋಗ್ಯ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಗಳೂ ತಕ್ಕವು. ಮಾತ್ರೆ ನುಂಗಿದರೆ ಮಗು ಕಪ್ಪಾಗುವುದೆಂಬ ಮಾತಿಗೆ ಯಾವ ಆಧಾರವೂ ಇಲ್ಲ.

ಕಬ್ಬಿಣದ ವಿಷಯದಲ್ಲಿ ಎಷ್ಟು ತಿಂದರು ಎಂಬುದಕ್ಕಿಂತ ಎಷ್ಟು ಒಳಹೊಕ್ಕಿತು ಎಂಬುದೇ ದೊಡ್ಡದು. ರಾಗಿಯನ್ನೇ ತೆಗೆದುಕೊಳ್ಳಬಹುದು. 2017ರ ಹೈದರಾಬಾದಿನ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿರುವುದು. ದಿನಕ್ಕೆ ಕಾಲು ಕಿಲೋ ಹಿಟ್ಟಿನ ಮುದ್ದೆ ಉಣ್ಣುವವರಿಗೆ 11 ಮಿಲಿಗ್ರಾಂಗಿಂತ ಹೆಚ್ಚು ದೊರೆತಂತಾಯಿತು. ಕಾಗದದ ಮೇಲೆ ಇದು ಯಾವ ಮಾಂಸಕ್ಕೂ ಕಡಮೆಯಲ್ಲ. ಆದರೆ ಕಾಳುಗಳ ತೌಡಿನಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣವನ್ನು ಕಟ್ಟಿಹಾಕುವುದರಿಂದ ಅದರಲ್ಲಿ ಬಹು ಸ್ವಲ್ಪ ಭಾಗವು ಮಾತ್ರವೇ ರಕ್ತಕ್ಕೆ ಸೇರುವುದು. ಮಾಂಸದ ಕೆಂಪು ದ್ರವ್ಯದಲ್ಲಿರುವ ಕಬ್ಬಿಣಕ್ಕೆ ಈ ತಡೆಯಿಲ್ಲ; 100ಕ್ಕೆ 15ರಿಂದ 35 ಭಾಗದವರೆಗೂ ಒಳಸೇರುವುದು. ಇದಕ್ಕಿಂತಲೂ ಉಪಯುಕ್ತವಾದ ಸಂಗತಿಯೊಂದಿದೆ. ಮಾಂಸವನ್ನು ಮುದ್ದೆಯೊಡನೆ ಉಂಡಾಗ ಮಾಂಸವು ತನ್ನ ಕಬ್ಬಿಣವನ್ನು ಕೊಡುವುದಲ್ಲದೆ, ರಾಗಿಯಲ್ಲಿ ಕಟ್ಟುಬಿದ್ದಿರುವ ಕಬ್ಬಿಣವನ್ನೂ ಬಿಡಿಸಿ ಒಳಸೇರಿಸುವುದು. ಈ ಗುಣವು ದನಕ್ಕೂ ಕೋಳಿಗೂ ಮೀನಿಗೂ ಇದೆ. ಮೊಟ್ಟೆಗೆ ಇಲ್ಲ, ಮೊಟ್ಟೆಯು ಸಸಾರಜನಕಕ್ಕೂ ಬಿ12ಕ್ಕೂ ಬಹಳ ಒಳ್ಳೆಯದಾದರೂ ಅದರ ಕಬ್ಬಿಣವು ಶರೀರಕ್ಕೆ ಚೆನ್ನಾಗಿ ಒದಗುವುದಿಲ್ಲ.

ಮಾಂಸದ ಈ ಸಹಾಯವು ಅದನ್ನು ತಿಂದ ಊಟಕ್ಕೆ ಮಾತ್ರವೇ ಸೇರಿದ್ದು. ಮರುದಿನದ ಮುದ್ದೆಗೆ ಅದು ಉಳಿದಿರುವುದಿಲ್ಲ. ಯುಗಾದಿಯ ಹೊಸತೊಡಕಿನಲ್ಲಿ, ಮಾರಿಹಬ್ಬದಲ್ಲಿ, ಒಂದೇ ಹೊತ್ತಿಗೆ ಒಬ್ಬೊಬ್ಬರು ಅರ್ಧ ಕಿಲೋ ತಿಂದು, ಆಮೇಲೆ ತಿಂಗಳುಗಟ್ಟಲೆ ಬರಿಯ ಸಾರು ಮುದ್ದೆಯಲ್ಲಿ ಕಾಲ ಕಳೆಯುವುದರಿಂದ ರಕ್ತಕ್ಕೆ ಸಿಕ್ಕುವ ಲಾಭವು ಸ್ವಲ್ಪವೇ. ಅದೇ ಮಾಂಸವು ವಾರಕ್ಕೆ ಎರಡು ಮೂರು ಸಲ 50 ಗ್ರಾಂನಂತೆ ಎಲ್ಲರ ಎಲೆಗೂ, ಅದರಲ್ಲಿಯೂ ಹೆಂಗಸರ ಮತ್ತು ಮಕ್ಕಳ ಎಲೆಗೆ, ಬಿದ್ದರೆ ಅಷ್ಟೂ ಸಲದ ರಾಗಿಯ ಕಬ್ಬಿಣವೂ ಜೊತೆಯಲ್ಲಿ ಒಳಸೇರುವುದು. ಕೂಲಿಯ ಜೊತೆಗೆ ಊಟವನ್ನೂ ಕೊಡುವ ಜಮೀನುದಾರರು ಸುಗ್ಗಿಯ ಕೊನೆಯ ದಿನದ ಒಂದು ದೊಡ್ಡ ಬಾಡೂಟದ ಖರ್ಚನ್ನು ಸುಗ್ಗಿಯ ವಾರಗಳಲ್ಲಿ ಹಂಚಿದರೆ ಖರ್ಚು ಹೆಚ್ಚದು. ಬಾಡೂಟದ ಸಂಭ್ರಮವು ಬೇರೆ ಮಾತು. ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು.

ಊಟಕ್ಕೆ ನಿಂಬೆಯ ಹಣ್ಣನ್ನು ಹಿಂಡಿಕೊಳ್ಳುವುದು, ನೆಲ್ಲಿಯ ಕಾಯಿಯನ್ನು ನಂಜಿಕೊಳ್ಳುವುದು ಇವುಗಳಿಂದಲೂ ಕಬ್ಬಿಣವು ಹೆಚ್ಚಾಗಿ ಒದಗುವುದು. ಅವುಗಳಲ್ಲಿರುವ ಸಿ ಜೀವಸತ್ವವು ಇದಕ್ಕೆ ಕಾರಣ. ಊಟವಾದೊಡನೆ ಚಹಾ ಕಾಫಿಗಳನ್ನು ಕುಡಿಯುವುದು ಈ ಲಾಭವನ್ನೆಲ್ಲ ಕೆಡಿಸುವುದು. ಒಂದು ಗಂಟೆಯ ಕಾಲವಾದರೂ ಬಿಡತಕ್ಕದ್ದು. ಮಾಂಸವನ್ನು ಮುಟ್ಟದ ಮನೆಗಳಿಗೂ ಈ ಎರಡು ಮಾತುಗಳು ಅನ್ವಯಿಸುವುವು. ಅಂಥವರು ರಾಗಿಯನ್ನೂ ಹುರುಳಿ, ಹೆಸರು ಮೊದಲಾದ ಕಾಳುಗಳನ್ನೂ ಮೊಳಕೆ ಕಟ್ಟಿ ಉಪಯೋಗಿಸಿದರೆ ಫೈಟಿಕ್ ಆಮ್ಲವು ತಗ್ಗುವುದು. ಬಿ12ಕ್ಕಾಗಿ ಹಾಲು ಮೊಸರುಗಳನ್ನು ತಪ್ಪಿಸಕೂಡದು.

ಕೆಂಪು ಮಾಂಸವು ಕಬ್ಬಿಣದಲ್ಲಿ ಮೇಲೆಂದು ಹೇಳಿದ ಮಾತ್ರಕ್ಕೆ ಅದನ್ನು ಮಿತಿಯಿಲ್ಲದೆ ತಿನ್ನಬಹುದೆಂದು ಅರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದರೋಗ ಸಂಶೋಧನ ಸಂಸ್ಥೆಯು 2015ರಲ್ಲಿ, ಉಪ್ಪು ಹೊಗೆಗಳಿಂದ ಸಂಸ್ಕರಿಸಿ ಇಟ್ಟ ಮಾಂಸವು ಅರ್ಬುದಕ್ಕೆ ಕಾರಣವೆಂದೂ, ಕೆಂಪು ಮಾಂಸವು ಬಹುಶಃ ಕಾರಣವಾಗಬಹುದೆಂದೂ ತೀರ್ಮಾನಿಸಿತು. ಕೆಂಪು ಮಾಂಸವೆಂಬುದರಲ್ಲಿ ದನದ ಮಾಂಸದಂತೆಯೇ ಕುರಿ, ಆಡು, ಹಂದಿಗಳದೂ ಸೇರಿದೆ, ಕೋಳಿ ಸೇರಿಲ್ಲ. ದಿನವೂ ಹೇರಳವಾಗಿ ತಿನ್ನುವ ದೇಶಗಳಿಗೆ ಈ ಮಾತು ಹೆಚ್ಚಾಗಿ ಸಲ್ಲತಕ್ಕದ್ದಾದರೂ ವಯಸ್ಸಾದವರು ಗಮನಿಸಬೇಕಾದುದೇ. ಅರೆಬೆಂದ ದನದ ಮಾಂಸದಿಂದ ಲಾಡಿಹುಳುವೂ, ಅರೆಬೆಂದ ಕೋಳಿಯಿಂದ ವಾಂತಿ ಭೇದಿಗಳೂ ಬರುವುದುಂಟು. ಎರಡನ್ನೂ ಒಳಗಿನ ಕೆಂಪು ಹೋಗುವವರೆಗೆ ಬೇಯಿಸತಕ್ಕದ್ದು. ಕೋಳಿಜ್ವರದ ಸುದ್ದಿ ಬಂದಾಗ ಜನರು ಕೋಳಿಯನ್ನೇ ಬಿಟ್ಟುಬಿಡುವರು. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ಆ ರೋಗದ ವಿಷಾಣುವು ಉಳಿಯುವುದಿಲ್ಲ. ಸತ್ತು ಬಿದ್ದ ಹಕ್ಕಿಯನ್ನು ಕೈಯಿಂದ ಮುಟ್ಟುವುದೂ ಅದನ್ನು ಅಡಿಗೆಗೆ ತರುವುದೂ ಅಪಾಯಕರ.

ವಾರಕ್ಕೆರಡು ಸಲ ಮಾಂಸವೆಂದರೆ ಬಡ ಕುಟುಂಬಕ್ಕೆ ಕೊಂಡು ತಿನ್ನಲಾಗದ ಮಾತು. ಎಮ್ಮೆಯನ್ನು ಮನೆಯ ಊಟಕ್ಕಾಗಿ ಸಾಕಲಾಗುವುದಿಲ್ಲ; ಕೋಳಿಯನ್ನು ಸಾಕಬಹುದು. ಸತ್ವದಲ್ಲಿ ಒಂದು ಮೆಟ್ಟಿಲು ಕೆಳಗಿದ್ದರೂ ಕೋಳಿಯು ಗ್ರಾಮದ ಜನರಿಗೆ ಹೆಚ್ಚು ಪ್ರಯೋಜನಕರವಾಗುವುದು ಈ ಕಾರಣದಿಂದಲೇ. ಹಿತ್ತಲಿನಲ್ಲಿ ಹತ್ತು ಹೇಂಟೆಗಳಿಗೆ ಅಡಿಗೆಮನೆಯ ಕಸ, ಒಕ್ಕಣೆಯ ಕಣದಲ್ಲಿ ಉದುರಿದ ಕಾಳು, ತಿಪ್ಪೆಯ ಹುಳುಗಳು ಬಹುಮಟ್ಟಿಗೆ ಮೇವನ್ನು ಒದಗಿಸುವುವು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಎಂಬ ತಳಿಯು ನಾಟಿ ಕೋಳಿಯಂತೆ ಹೊರಗೆ ಮೇಯುವುದಲ್ಲದೆ ಮೊಟ್ಟೆ ಮಾಂಸಗಳೆರಡನ್ನೂ ಹೆಚ್ಚಾಗಿ ಕೊಡುವುದು. ಆದರೆ ಅದು ಕಾವು ಕೂರುವುದು ಅಪರೂಪವಾದುದರಿಂದ ಮರಿಗಳಿಗೆ ಮರಳಿ ಕೇಂದ್ರವನ್ನೇ ಆಶ್ರಯಿಸಬೇಕಾಗುವುದು. ಒಂದೆರಡು ನಾಟಿ ಹೇಂಟೆಗಳನ್ನು ಜೊತೆಯಲ್ಲಿಟ್ಟು ಅವುಗಳಿಂದ ಕಾವು ಕೊಡಿಸುವುದು ಸುಲಭವಾದ ಉಪಾಯ.

ಹಿತ್ತಲ ಕೋಳಿಗಳ ದೊಡ್ಡ ಶತ್ರುವು ಕೊಕ್ಕರೆ ರೋಗ. ರಾಣಿಖೇತ್ ರೋಗವೆಂದೂ ಕರೆಯುವ ಈ ಪಿಡುಗು ಬಂದರೆ ಎರಡು ಮೂರು ದಿನಗಳಲ್ಲಿ ಇಡೀ ಕೇರಿಯ ಕೋಳಿಗಳು ಕತ್ತು ತಿರುಚಿ, ಹಸುರು ಭೇದಿಯಾಗಿ ಸಾಯುವುವು. ಬಂದ ಮೇಲೆ ಮದ್ದಿಲ್ಲ. ಮರಿಗಳಿಗೆ ಐದರಿಂದ ಏಳನೆಯ ದಿನದೊಳಗೆ ಲಸೋಟಾ ಎಂಬ ಲಸಿಕೆಯ ಒಂದು ತೊಟ್ಟನ್ನು ಕಣ್ಣಿಗೆ ಇಲ್ಲವೆ ಮೂಗಿಗೆ ಹಾಕಿಸಿ, ಸುಮಾರು ಎಂಟು ವಾರಗಳಾದಾಗ ಆರ್2ಬಿ ಎಂಬ ಲಸಿಕೆಯ ಚುಚ್ಚುಮದ್ದನ್ನು ಹಾಕಿಸಿದರೆ ರಕ್ಷಣೆ ದೊರೆಯುವುದು. ಲಸಿಕೆಯ ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗೆ ಸಾಕಾಗುವಷ್ಟು ಮದ್ದು ಇರುವುದು, ಒಮ್ಮೆ ಕಲಸಿದರೆ ಮರುದಿನಕ್ಕೆ ಉಳಿಯುವುದಿಲ್ಲ; ಆದಕಾರಣ ಒಂದೊಂದು ಮನೆಯವರು ಬೇರೆ ಬೇರೆಯಾಗಿ ತರಿಸುವುದು ವ್ಯರ್ಥ. ಊರ ಪ್ರಮುಖರು ಮನೆಮನೆಯ ಕೋಳಿಗಳ ಲೆಕ್ಕವನ್ನು ತೆಗೆದು, ಒಂದು ದಿನವನ್ನು ಗೊತ್ತುಮಾಡಿ ಹತ್ತಿರದ ಪಶುವೈದ್ಯ ಶಾಲೆಗೆ ಮುಂಚಿತವಾಗಿ ತಿಳಿಸಿದರೆ ಇಡೀ ಊರಿಗೆ ಒಂದೇ ಬೆಳಗಿನಲ್ಲಿ ಲಸಿಕೆ ಹಾಕಿಸಬಹುದು. ಕೋಳಿಗಳನ್ನು ಗೂಡಿನಿಂದ ಬಿಡುವುದಕ್ಕೆ ಮುಂಚೆ, ಬೆಳಗಿನ ತಂಪಿನಲ್ಲಿಯೇ ಈ ಕೆಲಸವನ್ನು ಮುಗಿಸತಕ್ಕದ್ದು.